ಒಂದನೇ ಕೈ, ಎರಡನೇ ಕೈ

“ಒಬ್ಬರು ಹದಿನೆಂಟನ್ನ ಹದಿಮೂರು ಅಂತ ನೋಡಬಹುದು ಕಣಮ್ಮ. ಇಬ್ಬರೂ ಹೆಂಗೆ ನೋಡ್ತೀರಿ?” ಎಂದು ರುದ್ರಮುನಿ ಕೇಳಿದ.

ಅವನ ಮೇಜಿನ ಮುಂದೆ ಲೋಹಿತಾ ಮತ್ತು ಗಂಗಲಕ್ಷ್ಮಿ ನಿಂತಿದ್ದರು. ಕುಳಿತುಕೊಳ್ಳಿ ಎಂದು ಅವನು ಎರಡು ಸಲ ಹೇಳಿಯಾಗಿತ್ತು. ತಪ್ಪು ಕೇಳುವ ಮನುಷ್ಯನ ಎದುರಿಗೆ ಯಾರು ಕುಳಿತುಕೊಳ್ಳುತ್ತಾರೆ? ಅವನು ಕಂಪ್ಯೂಟರಿನ ಪರದೆಯನ್ನು ಅವರ ಕಡೆ ತಿರುಗಿಸಿದ. ನೂರಹತ್ತು ವರ್ಷದ ಹಿಂದಿನ ಅಮೆರಿಕದ ಪತ್ರಿಕೆಯ ಒಂದು ಪುಟ, ಮಧ್ಯದಲ್ಲಿ ಕೆಂಪು ಗೆರೆ ಹಾಕಿದ ಒಂದು ಅಂಕಿ. ಲೋಹಿತಾಳಿಗೆ ಅದು ಹದಿನೆಂಟೆಂದು ಬಾಗಿಲಲ್ಲಿ ನಿಂತಾಗಲೇ ಕಂಡಿತ್ತು. ಗಂಗಲಕ್ಷ್ಮಿ ಮುಂದೆ ಬಾಗಿ, ಸ್ವಲ್ಪ ಹೊತ್ತು ನೋಡುವವಳಂತೆ ನಿಂತು, “ಹೂಂ ಸಾರ್” ಎಂದಳು. ಅವಳಿಗೆ ಏನೂ ಕಂಡಿಲ್ಲವೆಂಬುದು ಆ ಕೋಣೆಯಲ್ಲಿ ಲೋಹಿತಾಳೊಬ್ಬಳಿಗೆ ಗೊತ್ತಿತ್ತು.

ಮಧುಗಿರಿಯಲ್ಲಿ ಒಂದು ಬಟ್ಟೆ ಅಂಗಡಿಯ ಮೇಲಿನ ಮಹಡಿಯಲ್ಲಿ ಹದಿನೈದು ಹೆಂಗಸರು ಕುಳಿತು ಅಮೆರಿಕದ ಹಳೆಯ ಬೇಸ್‌ಬಾಲ್ ಲೆಕ್ಕಗಳನ್ನು ಕಂಪ್ಯೂಟರಿಗೆ ಹೊಡೆಯುತ್ತಾರೆ ಎಂದರೆ ಊರಲ್ಲಿ ಅರ್ಧ ಜನ ನಂಬುವುದಿಲ್ಲ. ಉಳಿದರ್ಧ ಜನ ನಂಬಿ, ಅದರಿಂದ ಯಾರಿಗೇನು ಲಾಭ ಎಂದು ಕೇಳುತ್ತಾರೆ. ಆ ಆಟವನ್ನು ಹದಿನೈದು ಮಂದಿಯಲ್ಲಿ ಒಬ್ಬರೂ ಕಣ್ಣಾರೆ ಕಂಡವರಲ್ಲ. ಆದರೂ ಎಲ್ಕ್ ವ್ಯಾಲಿ ಲೀಗ್ ಎಂಬ, ಸಂಬಳ ಕೊಟ್ಟು ಆಡಿಸುತ್ತಿದ್ದ ಒಂದು ಪುಟ್ಟ ಲೀಗಿನ ಆರು ತಂಡಗಳು, ಯಾವ ವರ್ಷ ಯಾರು ಗೆದ್ದರು, ಯಾರು ಎಷ್ಟು ಸೋತರು, ಯಾವ ಜುಲೈ ತಿಂಗಳಲ್ಲಿ ಲೀಗೇ ಬಾಗಿಲು ಹಾಕಿತು ಎಂಬುದು ಆ ಹೆಂಗಸರಿಗೆ ನೆಂಟರ ಮನೆ ಸುದ್ದಿಯಷ್ಟು ಚೆನ್ನಾಗಿ ಗೊತ್ತಿತ್ತು.

ಕೆಲಸದ ಕ್ರಮ ಇಷ್ಟೇ. ಒಂದೊಂದು ಪುಟವನ್ನೂ ಇಬ್ಬರು ಹೊಡೆಯಬೇಕು. ಮೊದಲು ಹೊಡೆಯುವವಳು ಒಂದನೇ ಕೈ, ಆಮೇಲೆ ಹೊಡೆಯುವವಳು ಎರಡನೇ ಕೈ. ಒಬ್ಬಳದನ್ನು ಇನ್ನೊಬ್ಬಳು ನೋಡುವ ಹಾಗಿಲ್ಲ. ಎರಡು ಕೈಯೂ ಒಂದೇ ಅಂಕಿ ಹೊಡೆದರೆ ಅದೇ ಸತ್ಯ, ಅಲ್ಲಿಗೆ ಮುಗಿಯಿತು. ಬೇರೆ ಬೇರೆ ಹೊಡೆದರೆ ಬೆಂಗಳೂರಿನ ದೊಡ್ಡ ಕಚೇರಿಯಲ್ಲಿ ಮೂರನೆಯವರು ನೋಡುತ್ತಾರೆ. ಅಂಕಿ ಓದಲಾಗದಿದ್ದರೆ ಪ್ರಶ್ನೆ ಚಿಹ್ನೆ ಹಾಕಬೇಕು. “ಕಂಡದ್ದು ಹೊಡಿ, ತಿಳಿದದ್ದು ಹೊಡೀಬೇಡ” ಎಂದು ರುದ್ರಮುನಿ ಕೆಂಪಕ್ಷರದಲ್ಲಿ ಬರೆಸಿ ಗೋಡೆಗೆ ಅಂಟಿಸಿದ್ದ. ಪ್ರಶ್ನೆ ಚಿಹ್ನೆ ಹೆಚ್ಚಾದ ಪುಟವನ್ನು ದಿನದ ಗುರಿಯಿಂದ ಕಳೆಯುತ್ತಿದ್ದವನೂ ಅವನೇ. ಹೇಳುವುದು ಶಾಸ್ತ್ರ, ತಿನ್ನುವುದು ಬದನೆಕಾಯಿ. ಹಾಗಾಗಿ ಆ ಚಿಹ್ನೆಯನ್ನು ಯಾರೂ ಮುಟ್ಟುತ್ತಿರಲಿಲ್ಲ.

ಹೋದ ವರ್ಷ ದೀಪಾವಳಿಯ ಹೊತ್ತಿಗೆ ಗಂಗಲಕ್ಷ್ಮಿಯ ಎರಡೂ ಕಣ್ಣಿನ ನೋಟದ ನಡುವೆ ಒಂದು ಕಪ್ಪು ಮಚ್ಚೆ ಬಂದು ಕುಳಿತಿತ್ತು. ಸಕ್ಕರೆ ಕಾಯಿಲೆ ಒಳಗೊಳಗೇ ಮಾಡಿದ ಕೆಲಸ. ತುಮಕೂರಿನ ಡಾಕ್ಟರು ಕಣ್ಣಿಗೇ ಸೂಜಿ ಹಾಕಬೇಕೆಂದರು. ಮನೆಯಲ್ಲಿ ತಲೆನೋವೆಂದು ಹೇಳಿ ಎರಡು ಸಲ ಹೋಗಿ ಬಂದಳು, ಮೂರನೆಯ ಸಲಕ್ಕೆ ಹೇಳಲು ಸುಳ್ಳು ಸಿಗಲಿಲ್ಲ. ಪರದೆಯನ್ನು ದೊಡ್ಡದು ಮಾಡಿಕೊಂಡರೆ ಯಾವ ಸಾಲು ಯಾರದೆಂದು ತಪ್ಪಿಹೋಗುತ್ತಿತ್ತು. ದಪ್ಪಕ್ಷರದ ಹೆಸರುಗಳನ್ನು ಓರೆಗಣ್ಣಿನಲ್ಲಿ ಹೇಗೋ ಹಿಡಿಯುತ್ತಿದ್ದಳು. ಅಂಕಿಗಳು ಮಾತ್ರ ಅವಳ ಪಾಲಿಗೆ ಇರುವೆ ಸಾಲು.

ಆ ಅಂಕಿಗಳನ್ನು ಲೋಹಿತಾ ಹೊಡೆಯುತ್ತಿದ್ದಳು. ರುದ್ರಮುನಿ ಊಟಕ್ಕೆ ಮನೆಗೆ ಹೋದ ಒಂದು ಗಂಟೆಯಲ್ಲಿ, ಉಳಿದವರು ತಾರಸಿಯ ಮೇಲೆ ಬುತ್ತಿ ಬಿಚ್ಚಿದಾಗ, ಅವಳು ಗಂಗಲಕ್ಷ್ಮಿಯ ಕುರ್ಚಿಯಲ್ಲಿ ಕುಳಿತು ಅವಳ ಪುಟಗಳನ್ನು ತುಂಬುತ್ತಿದ್ದಳು. ಮಧ್ಯಾಹ್ನದ ಮೇಲೆ ಅವೇ ಪುಟಗಳು ಎರಡನೇ ಕೈಗೆಂದು ಅವಳಿಗೇ ಬರುತ್ತಿದ್ದವು. ಪುಟ ಹಂಚುವಾಗ ರುದ್ರಮುನಿ ಆ ಜೋಡಿಯನ್ನು ಬದಲಿಸಿರಲಿಲ್ಲ. ಮತ್ತೆ ನೋಡಿ ಹೊಡೆಯಲು ಹೊತ್ತೆಲ್ಲಿದೆ? ಊಟದ ಹೊತ್ತಿನಲ್ಲಿ ಒಂದು ಚೀಟಿಯಲ್ಲಿ ಗುರುತು ಹಾಕಿಕೊಂಡ ಅಂಕಿಗಳನ್ನೇ ಮತ್ತೆ ಹೊಡೆದುಬಿಡುತ್ತಿದ್ದಳು. ಅವಳು ಮೊದಲ ಸಲ ಮಾಡಿದ ತಪ್ಪು ಎರಡನೆಯ ಸಲವೂ ಹಾಗೇ ಇಳಿಯುತ್ತಿತ್ತು, ಎರಡು ಕೈ ಒಪ್ಪಿದ್ದರಿಂದ ಸತ್ಯವೂ ಆಗುತ್ತಿತ್ತು.

ಹಾಗೆ ಸತ್ಯವಾದದ್ದರಲ್ಲಿ ಒಂದು, ಹಾರ್ಲೋ ಎಂಬ ತಂಡದ ಚೆಂಡೆಸೆಯುವ ವಿಲ್ಕಿ ಎಂಬಾತನದು. ೧೯೧೨ರ ಸೀಸನ್ನಿನಲ್ಲಿ ಅವನು ತಂಡಕ್ಕೆ ಗೆದ್ದುಕೊಟ್ಟದ್ದು ಹದಿನೆಂಟು ಪಂದ್ಯ. ಮಧುಗಿರಿಯಲ್ಲಿ ಅದು ಹದಿಮೂರಾಯಿತು. ಅವನ ಮೊಮ್ಮಗಳು, ಎಂಬತ್ತು ದಾಟಿದ ಮುದುಕಿ, ಅದನ್ನು ನೋಡಿ ಕಂಪನಿಗೆ ಕಾಗದ ಬರೆದಳು. ತಂಡ ಆ ವರ್ಷ ಒಟ್ಟು ನಲವತ್ತೊಂದು ಪಂದ್ಯ ಗೆದ್ದಿದೆ, ನಿಮ್ಮ ಲೆಕ್ಕ ಕೂಡಿದರೆ ಮೂವತ್ತಾರೇ ಆಗುತ್ತದೆ, ನಮ್ಮ ಅಜ್ಜನ ಐದು ಗೆಲುವು ಎಲ್ಲಿ ಹೋಯಿತು ಎಂದು ಕೇಳಿದ್ದಳು. ಬೆಂಗಳೂರಿನವರು ಅದೊಂದನ್ನು ಕೆದಕಲು ಹೋಗಿ, ಇದೇ ಜೋಡಿ ಕೈಯಲ್ಲಿ ಹದಿನೇಳು ಕಡೆ ಒಂದೇ ಥರದ ತಪ್ಪು ಕಂಡರು.

“ಒಬ್ಬರು ಇನ್ನೊಬ್ಬರದು ನೋಡಿ ಹೊಡೀತಿದೀರ ಅಂತ ಅವರು ಹೇಳ್ತಾರೆ. ನಾನು ನಮ್ಮ ಹೆಣ್ಮಕ್ಕಳು ಅಂಥೋರಲ್ಲ ಅಂತ ವಾದ ಮಾಡಿದೀನಿ” ಎಂದ ರುದ್ರಮುನಿ. “ಶನಿವಾರ ಇಬ್ಬರಿಗೂ ಒಂದೇ ಪುಟ ಕಳಿಸ್ತಾರೆ. ಬೇರೆ ಬೇರೆ ಕೂತು ಹೊಡೀಬೇಕು. ಯಾರ ಕೈಲಿ ತಪ್ಪಿದೆಯೋ ಅವರು ಮನೆಗೆ. ನಾನೇನೂ ಮಾಡೋ ಹಂಗಿಲ್ಲ.”

ಅವನು ಕೆಟ್ಟವನಲ್ಲ. ಏನೂ ಮಾಡುವ ಹಾಗಿಲ್ಲ ಎಂಬ ಮಾತನ್ನು ಬಹಳ ಬೇಗ ಆಡುತ್ತಿದ್ದ, ಅಷ್ಟೇ.

ಸಂಜೆ ಬಸ್ ನಿಲ್ದಾಣದಲ್ಲಿ ಇಬ್ಬರೂ ಕಲ್ಲುಬೆಂಚಿನ ಮೇಲೆ ಕುಳಿತರು. ಗಂಗಲಕ್ಷ್ಮಿಯದು ಪಾವಗಡ ದಾರಿಯ ಮಿಡಿಗೇಶಿ. ಪಾವಗಡದ ಬಸ್ಸು ಬರುವವರೆಗೆ ಅವಳನ್ನು ಕುಳ್ಳಿರಿಸಿಕೊಂಡಿದ್ದು, ಬೋರ್ಡು ಓದಿ ಹತ್ತಿಸಿ ಹೋಗುವುದು ಲೋಹಿತಾಳ ನಿತ್ಯದ ಕೆಲಸ. ಬೇರೆ ದಿನಗಳಲ್ಲಿ ಈ ಹೊತ್ತಿಗೆ ಗಂಗಲಕ್ಷ್ಮಿ, “ಇವತ್ತು ನಮ್ಮೋರು ಏನಾದ್ರಮ್ಮ?” ಎಂದು ಕೇಳುತ್ತಿದ್ದಳು. ನಮ್ಮವರು ಎಂದರೆ ಹಾರ್ಲೋ ತಂಡ. ಲೋಹಿತಾ ಆ ದಿನ ಹೊಡೆದ ಪಂದ್ಯಗಳ ಗೆಲುವು ಸೋಲು ಹೇಳುತ್ತಿದ್ದಳು. ಆ ತಂಡದಲ್ಲಿ ಡೂಲಿ ಎಂಬೊಬ್ಬ ಇದ್ದ. ಕೈಗೆ ಬಂದ ಚೆಂಡು ಬಿಡುವುದರಲ್ಲಿ ನಿಸ್ಸೀಮ. ಅಂಥ ತಪ್ಪುಗಳಿಗೆಂದೇ ಆ ಆಟದ ಲೆಕ್ಕದಲ್ಲಿ ಒಂದು ಕಾಲಂ ಇರುತ್ತದೆ, ಯಾರು ಎಷ್ಟು ಬಿಟ್ಟರೆಂದು ಹೆಸರಿನ ಎದುರಿಗೇ ಬರೆದಿಡುತ್ತಾರೆ. ಗಂಗಲಕ್ಷ್ಮಿ ಅವನಿಗೆ ‘ಕೈತೂತಪ್ಪ’ ಎಂದು ಹೆಸರಿಟ್ಟಿದ್ದಳು. ಅವನು ಒಂದು ಪಂದ್ಯದಲ್ಲಿ ಒಂದೂ ಚೆಂಡು ಬಿಡಲಿಲ್ಲವೆಂದು ತಿಳಿದ ದಿನ ಬಸ್ಸು ಹತ್ತುವವರೆಗೂ ನಕ್ಕಿದ್ದಳು.

ಈ ಸಂಜೆ ಅವಳು ಏನನ್ನೂ ಕೇಳಲಿಲ್ಲ.

“ನಮ್ಮತ್ತೆ ಹೊನ್ನಕ್ಕಂಗೂ ಹಿಂಗೇ ಆಗಿದ್ದು” ಎಂದಳು ಕೊನೆಗೆ. “ಕಣ್ಣು ಹೋಗೈತೆ ಅಂತ ಗೊತ್ತಾಗಿದ್ದೇ ತಡ, ಜಗಲಿ ಮ್ಯಾಲೆ ಕೂರ್ಸುದ್ರು. ಹನ್ನೊಂದು ವರ್ಸ ಕೂತಿದ್ಲು ಕಣಮ್ಮ. ತಟ್ಟೆ ತಂದು ಕೈಗೆ ಇಡೋರು. ಏನು ಉಂಡೆ ಅಂತ ಕೇಳೋರು, ಏನು ಬೇಕು ಅಂತ ಯಾರೂ ಕೇಳ್ತಿರ್ಲಿಲ್ಲ. ನಾನೂ ಕೇಳ್ಲಿಲ್ಲ.”

“ನೀನು ಕೂರಲ್ಲ, ಸುಮ್ನಿರು ಗಂಗಕ್ಕ.”

“ಕೆಲ್ಸ ಹೋದ್ರೆ ಯಾಕೆ ಹೋಯ್ತು ಅಂತ ಕೇಳ್ತಾರೆ. ಗೊತ್ತಾಯ್ತದೆ.”

ನಾಲ್ಕು ವರ್ಷದ ಹಿಂದೆ ಲೋಹಿತಾ ಶಿರಾದ ಗಂಡನ ಮನೆಯಿಂದ ಒಂದು ಚೀಲ ಹಿಡಿದು ಬಂದು ಈ ಕೆಲಸಕ್ಕೆ ಸೇರಿದಾಗ ಅವಳ ಕೈ ಕೀಬೋರ್ಡಿನ ಮೇಲೆ ನಿಲ್ಲುತ್ತಿರಲಿಲ್ಲ. ಮೂರು ತಿಂಗಳು ಗಂಗಲಕ್ಷ್ಮಿ ಮೊದಲ ಬಸ್ಸಿಗೇ ಬಂದು, ರುದ್ರಮುನಿ ಬಾಗಿಲು ದಾಟುವ ಮುಂಚೆ, ಅವಳ ಹಿಂದಿನ ದಿನದ ಪುಟಗಳನ್ನೆಲ್ಲ ತಿದ್ದಿಕೊಟ್ಟಿದ್ದಳು. ಯಾಕೆ ಬಂದೆ, ಏನಾಯಿತು ಎಂದು ಒಂದು ದಿನವೂ ಕೇಳಿರಲಿಲ್ಲ. ಈಗ ತೀರಿಸುವ ಸರದಿ ತನ್ನದು ಎಂದು ಲೋಹಿತಾ ನಂಬಿದ್ದಳು. ಆದರೆ ಅವಳಿಗೂ ಭಯವಿತ್ತು. ಅಣ್ಣ ಬಸವೇಶ್ ಅವಳನ್ನು ತಿರುಗಿ ಶಿರಾಕ್ಕೆ ಬಿಟ್ಟುಬರುವ ಮಾತು ನಿಲ್ಲಿಸಿದ್ದು ಅವಳು ಕೆಲಸಕ್ಕೆ ಸೇರಿದ ಮೇಲೆ. ಕೆಲಸ ಹೋದ ಮರುದಿನವೇ ಅವನು ಆ ಮಾತು ಎತ್ತುತ್ತಾನೆ, ಅಮ್ಮ ಬಾಗಿಲ ಹಿಂದೆ ನಿಂತು ಸೆರಗಿನಲ್ಲಿ ಮೂಗು ಒರೆಸಿಕೊಳ್ಳುತ್ತಾಳೆ, ಇದು ಅವಳಿಗೆ ಖಚಿತವಾಗಿ ಗೊತ್ತಿತ್ತು.

“ಕೇಳಿಲ್ಲಿ ಅಕ್ಕ” ಎಂದಳು. “ಹೆಸರೆಲ್ಲ ನಿನಗೆ ಬಾಯಿಪಾಠ. ಅವು ಹೊಡಿ. ಅಂಕಿ ಕಾಣದ ಕಡೆ ಸೊನ್ನೆ ಹಾಕು. ನಾನೂ ಮಸುಕಾಗಿರೋ ಕಡೆಯೆಲ್ಲ ಸೊನ್ನೆ ಹಾಕ್ತೀನಿ. ಇಬ್ಬರದೂ ಒಂದೇ ಥರ ಬಂದರೆ ಪುಟವೇ ಸರಿ ಇಲ್ಲ ಅಂತಾರೆ. ಯಾರನ್ನೂ ಏನೂ ಅನ್ನಲ್ಲ.”

ಗಂಗಲಕ್ಷ್ಮಿ ಹೂಂ ಎನ್ನಲಿಲ್ಲ, ಊಹೂಂ ಎನ್ನಲೂ ಇಲ್ಲ. ಬಸ್ಸು ಬಂತು. ಲೋಹಿತಾ ಅವಳ ಮೊಣಕೈ ಹಿಡಿದು ಹತ್ತಿಸಿದಳು.

ಶನಿವಾರ ಹನ್ನೊಂದು ಗಂಟೆಗೆ ರುದ್ರಮುನಿ ಉಳಿದವರನ್ನು ಟೀ ಕುಡಿದು ಬನ್ನಿ ಎಂದು ಕೆಳಗೆ ಕಳಿಸಿದ. ಲೋಹಿತಾ ಅವನ ಗಾಜಿನ ಕೋಣೆಯೊಳಗೆ, ಗಂಗಲಕ್ಷ್ಮಿ ಹೊರಗೆ ದೊಡ್ಡ ಕೋಣೆಯಲ್ಲಿ. ಪುಟ ತೆರೆದುಕೊಂಡಿತು. ಹಾರ್ಲೋ ತಂಡದ್ದೇ ಒಂದು ಪಂದ್ಯ, ಆಗಸ್ಟ್ ತಿಂಗಳದ್ದು. ಬೇಕೆಂದೇ ಮಸುಕಾದ ಪುಟ ಆರಿಸಿದ್ದರು. ಆದರೆ ಲೋಹಿತಾಳ ಇಪ್ಪತ್ತೊಂಬತ್ತರ ಕಣ್ಣಿಗೆ ಒಂದೊಂದು ಅಂಕಿಯೂ ಕಾಣುತ್ತಿತ್ತು.

ಮೊದಲ ಸಾಲುಗಳನ್ನು ಸರಿಯಾಗಿಯೇ ಹೊಡೆದಳು. ಡೂಲಿಯ ಹೆಸರು ಬಂತು. ತಪ್ಪಿನ ಕಾಲಮ್ಮಿನಲ್ಲಿ ಮೂರು ಎಂದಿತ್ತು. ಸೊನ್ನೆ ಹಾಕುವಾಗ ಬೆರಳು ತಡೆಯಿತು. ಯಾರದೋ ಸತ್ತವರ ಪಿಂಡದ ಎಲೆಗೆ ಕಾಲು ತಾಗಿಸಿದ ಹಾಗೆ ಒಂದು ಇರಿಸುಮುರಿಸು. ಒತ್ತಿದಳು. ಮುಂದಿನವನು ನಾಲ್ಕು ಸಲ ಚೆಂಡು ಹೊಡೆದಿದ್ದ. ಅವನಿಗೂ ಸೊನ್ನೆ. ಹತ್ತನೆಯ ಸೊನ್ನೆಯ ಹೊತ್ತಿಗೆ ಏನೂ ಅನ್ನಿಸಲಿಲ್ಲ. ಮಾಡುತ್ತ ಹೋದರೆ ಎಲ್ಲ ಹಾಗೇ. ಮೂವತ್ತೆಂಟು ಸೊನ್ನೆ ಹಾಕಿ, ಕಣ್ಣು ಮುಚ್ಚಿಕೊಂಡು ಪುಟ ಕಳಿಸಿಬಿಟ್ಟಳು. ಕಳಿಸಿದ ಪುಟ ಮತ್ತೆ ಕೈಗೆ ಬರುವುದಿಲ್ಲ.

ಆಮೇಲೆ ತಲೆಯೆತ್ತಿ ಗಾಜಿನಾಚೆ ನೋಡಿದಳು. ಗಂಗಲಕ್ಷ್ಮಿಯ ಬೆನ್ನು ಕಾಣುತ್ತಿತ್ತು, ಎರಡು ಮೊಣಕೈಗಳೂ ಕಾಣುತ್ತಿದ್ದವು. ಬಲಗೈ ಒಂದು ಸಲ ಒತ್ತಿದರೆ, ಅದರ ಜೊತೆಗೇ ಎಡಗೈಯ ಕಿರುಬೆರಳು ಕೀಬೋರ್ಡಿನ ಮೂಲೆಗೆ ಹೋಗಿ ಬರುತ್ತಿತ್ತು. ಮತ್ತೆ ಒತ್ತಿದಳು, ಮತ್ತೆ ಎಡಗೈ. ಲೋಹಿತಾ ಅದನ್ನು ಸುಮ್ಮನೆ ನೋಡುತ್ತಿದ್ದಳು. ಸೊನ್ನೆಗೆ ಎಡಗೈ ಬೇಡ, ಬಲಗೈಯ ಒಂದು ಬೆರಳು ಸಾಕು. ಎರಡು ಕೈಯೂ ಬೇಕಾಗುವುದು ಪ್ರಶ್ನೆ ಚಿಹ್ನೆಗೆ.

ಅವಳು ತನ್ನ ಪರದೆಯ ಕಡೆ ತಿರುಗಿದಳು. ಕಳಿಸಿದ ಪುಟ ಅಲ್ಲಿರಲಿಲ್ಲ.

ಮೆಟ್ಟಿಲಿಳಿಯುವಾಗ ಲೋಹಿತಾ ಅವಳ ಕೈ ಹಿಡಿದೇ ಇದ್ದಳು, ಆದರೆ ಎಂದಿಗಿಂತ ಬಿಗಿಯಾಗಿ. “ಯಾಕಕ್ಕ ಹಂಗೆ ಮಾಡಿದೆ? ಸೊನ್ನೆ ಅಂತ ಹೇಳಿದ್ದೆ.”

“ಆ ಹುಡುಗ್ರು ಬಿಸ್ಲಲ್ಲಿ ಆಡವ್ರೆ. ಆಡಿದ್ನ ಆಡೇ ಇಲ್ಲ ಅಂತ ಹೆಂಗಮ್ಮ ಹೊಡೀಲಿ? ಕೈ ಬರ್ಲಿಲ್ಲ. ಕಾಣಲ್ಲ ಅಂದ್ರೆ ಕಾಣಲ್ಲ ಅಂತ ಹೊಡ್ದೆ.” ಗಂಗಲಕ್ಷ್ಮಿ ಮೆಟ್ಟಿಲನ್ನು ಕಾಲಿನಿಂದ ತಡಕಿ ಇಳಿದಳು. “ಬುಡು, ಅಷ್ಟೊಂದು ಪ್ರಶ್ನೆ ನೋಡಿದ್ರೆ ಎಲ್ಲಾ ನನ್ ಮ್ಯಾಲೇ ಬತ್ತದೆ. ನಿಂಗೇನೂ ಆಗಲ್ಲ. ಸೋಮವಾರ ಸಾರ್‌ಗೆ ನಾನೇ ಹೇಳ್ಬುಡ್ತೀನಿ, ಕಣ್ಣಿನ ಇಸ್ಯ. ಎಷ್ಟು ದಿನ ಅಂತ ನಿನ್ ಊಟ ಕೆಡ್ಸ್ಲಿ?”

“ಹೇಳ್ತೀಯ?”

“ಹೇಳ್ತೀನಿ ಕಣಮ್ಮ. ನಮ್ಮವ್ವನಾಣೆ.”

ಲೋಹಿತಾ ತಾನು ಹಾಕಿದ ಸೊನ್ನೆಗಳ ಮಾತು ಎತ್ತಲಿಲ್ಲ. ಭಾನುವಾರವೆಲ್ಲ ಮನೆಯಲ್ಲಿ ರಾಗಿ ಹಿಟ್ಟು ಜರಡಿ ಹಿಡಿಯುತ್ತ, ಗಂಗಕ್ಕ ಹೇಳಿದರೆ ಎಲ್ಲ ಸರಿಹೋಗುತ್ತದೆ ಎಂದು ತನಗೆ ತಾನೇ ಹೇಳಿಕೊಂಡಳು. ಹೇಳಿದರೆ ಅವಳ ಗತಿ ಏನು ಎಂಬುದನ್ನು ಯೋಚಿಸದೆ ಇರಲು ಬಹಳ ಕಷ್ಟಪಟ್ಟಳು. ಹೇಳಲಿ ಎಂದು ಆಸೆಪಟ್ಟಳು, ಆಸೆಪಟ್ಟದ್ದಕ್ಕೆ ನಾಚಿಕೆಯೂ ಆಯಿತು.

ಸೋಮವಾರ ಬೆಳಗ್ಗೆ ರುದ್ರಮುನಿ ಇಬ್ಬರನ್ನೂ ಕರೆದ. ಈ ಸಲ ಅವನೇ ಎದ್ದು ನಿಂತಿದ್ದ. ಮೇಜಿನ ಮೇಲೆ ಒಂದು ಕಾಗದವಿತ್ತು.

“ಗಂಗಲಕ್ಷ್ಮಮ್ಮ, ನಿಮ್ಮ ಪುಟದಲ್ಲಿ ನಲವತ್ತೊಂದು ಪ್ರಶ್ನೆ ಚಿಹ್ನೆ. ತಪ್ಪು ಒಂದೂ ಇಲ್ಲ” ಎಂದ. “ಬೆಂಗಳೂರಿನವರು ಬಹಳ ಮೆಚ್ಚಿದ್ದಾರೆ. ಅಂಥ ಮಸುಕು ಪುಟದಲ್ಲಿ ಗೊತ್ತಿಲ್ಲ ಅಂತ ಒಪ್ಪಿಕೊಳ್ಳೋರೇ ನಂಬಿಕಸ್ಥರು ಅಂದರು. ಪ್ರಶ್ನೆ ಚಿಹ್ನೆಗೆ ಗುರಿಯಲ್ಲಿ ಕಳೀಬೇಡಿ ಅಂತ ನನಗೇ ಬೈದರು.” ಅವನು ಲೋಹಿತಾಳ ಕಡೆ ನೋಡಲಿಲ್ಲ, ಅವಳ ಭುಜದಾಚೆಯ ಗೋಡೆಯನ್ನು ನೋಡಿದ. “ಲೋಹಿತಾ, ನಿನ್ನ ಪುಟದಲ್ಲಿ ಮೂವತ್ತೆಂಟು ಸುಳ್ಳು ಅಂಕಿ. ನೋಡದೆ ಹೊಡೆದಿದ್ದೀಯ. ಹಿಂದಿನ ಪುಟಗಳಲ್ಲೂ ಎಲ್ಲ ಕಡೆ ಮೊದಲು ಹೊಡೆದಿರೋದು ಇವರು, ಆಮೇಲೆ ಹೊಡೆದಿರೋದು ನೀನು. ನಕಲು ಮಾಡಿರೋದು ನೀನೇ ಅಂತ ತೀರ್ಮಾನ ಮಾಡಿದ್ದಾರೆ. ನಾನೇನೂ ಮಾಡೋ ಹಂಗಿಲ್ಲ ಕಣಮ್ಮ.”

ಫ್ಯಾನು ತಿರುಗುತ್ತಿತ್ತು. ಕೆಳಗೆ ಬಟ್ಟೆ ಅಂಗಡಿಯವನು ಯಾರಿಗೋ ಸೀರೆಯ ಬಣ್ಣ ಹೋಗುವುದಿಲ್ಲವೆಂದು ಆಣೆ ಹಾಕುತ್ತಿದ್ದ. ಲೋಹಿತಾ ಗಂಗಲಕ್ಷ್ಮಿಯ ಕಡೆ ತಿರುಗಿದಳು. ಈಗ ಹೇಳುತ್ತಾಳೆ ಎಂದುಕೊಂಡಳು. ಗಂಗಲಕ್ಷ್ಮಿಯ ತುಟಿ ಬಿಚ್ಚಿತು. ಮತ್ತೆ ಬಾಯಿ ಮುಚ್ಚಿತು. ಅವಳು ಲೋಹಿತಾ ಇರುವ ಕಡೆಗಲ್ಲ, ಸ್ವಲ್ಪ ಪಕ್ಕಕ್ಕೆ, ಖಾಲಿ ಕುರ್ಚಿಯ ಕಡೆ ಮುಖ ಮಾಡಿ ನಿಂತಿದ್ದಳು. ಕೈಗಳು ಸೆರಗಿನ ತುದಿಯನ್ನು ಸುತ್ತುತ್ತಿದ್ದವು, ಬಿಚ್ಚುತ್ತಿದ್ದವು.

ಲೋಹಿತಾಳಿಗೆ ಸಿಟ್ಟು ಬಂತು. ಅವಳಿಗೆ ಕಣ್ಣು ಕಾಣುವುದಿಲ್ಲ ಸಾರ್, ಎರಡು ಕೈಯೂ ನನ್ನವೇ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಆಡಲು ಎರಡು ಉಸಿರು ಸಾಕಿತ್ತು. ಅವ್ವನಾಣೆ ಹಾಕಿದವಳು ಬಾಯಿ ಬಿಡಲಾರಳಾದರೆ ತಾನೇಕೆ ಬಾಯಿ ಕಟ್ಟಿಕೊಳ್ಳಬೇಕು? ಹನ್ನೊಂದು ವರ್ಷ ಜಗಲಿಯ ಮೇಲೆ ಕುಳಿತಿದ್ದ ಒಬ್ಬ ಮುದುಕಿ, ತಾನು ಎಂದೂ ನೋಡದ ಮುದುಕಿ, ಅವಳ ಕಣ್ಣ ಮುಂದೆ ಬಂದು ಕುಳಿತಳು. ಮಾತು ಗಂಟಲಿಗೆ ವಾಪಸ್ಸಾಯಿತು, ಸಿಟ್ಟು ಮಾತ್ರ ಹೋಗಲಿಲ್ಲ.

“ನನ್ನ ಬಾಯಲ್ಲಿ ಇದನ್ನ ಓದೋಕೆ ಬರಲ್ಲ” ಎಂದು ರುದ್ರಮುನಿ ಮೇಜಿನ ಮೇಲಿನ ಕಾಗದವನ್ನು ಎತ್ತಿ ಗಂಗಲಕ್ಷ್ಮಿಯ ಕೈಗೆ ಕೊಟ್ಟ. “ನೀವು ದೊಡ್ಡೋರು, ನೀವೇ ಕೆಲಸ ಕಲಿಸಿದ ಹುಡುಗಿ. ನೀವೇ ಓದಿ ಹೇಳಿಬಿಡಿ. ಕೊನೇಲಿ ಸಾಕ್ಷಿ ಅಂತ ನಿಮ್ಮ ಸಹಿಯೂ ಬೇಕು.”

ಗಂಗಲಕ್ಷ್ಮಿ ಕಾಗದವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಮುಖದ ಹತ್ತಿರ ತಂದಳು, ಸ್ವಲ್ಪ ದೂರ ಹಿಡಿದಳು, ತಲೆಯನ್ನು ಓರೆ ಮಾಡಿದಳು. ರುದ್ರಮುನಿ ಕಾಯುತ್ತಿದ್ದ. ಇನ್ನೊಂದು ಗಳಿಗೆ ಕಳೆದಿದ್ದರೆ ಅವನಂಥವನಿಗೂ ತಿಳಿದುಬಿಡುತ್ತಿತ್ತು.

“ಅಕ್ಕನಿಗೆ ಬೇಜಾರಾಗಿದೆ ಸಾರ್. ನಾನೇ ಓದ್ಕೋತೀನಿ” ಎಂದು ಲೋಹಿತಾ ಕಾಗದ ತೆಗೆದುಕೊಂಡಳು.

ಇಂಗ್ಲಿಷಿನಲ್ಲಿತ್ತು. ಅವಳು ಕನ್ನಡದಲ್ಲಿ ಒಂದೊಂದೇ ಸಾಲು ಹೇಳುತ್ತ ಹೋದಳು. ಲೋಹಿತಾ ಎಂಬ ಕೆಲಸಗಾರ್ತಿ ಸಂಸ್ಥೆಯ ನಂಬಿಕೆಗೆ ಅರ್ಹಳಲ್ಲವೆಂದು ಕಂಡುಬಂದಿದೆ. ಇಂದಿನಿಂದ ಅವಳನ್ನು ಕೆಲಸದಿಂದ ಬಿಡುಗಡೆ ಮಾಡಲಾಗಿದೆ. ಅವಳು ಹೊಡೆದ ಪುಟಗಳನ್ನೆಲ್ಲ ಹೊಸದಾಗಿ ಹೊಡೆಸಲಾಗುವುದು. ಒಂದು ಸಾಲನ್ನೂ ಬಿಡಲಿಲ್ಲ. ಕೊನೆಯಲ್ಲಿದ್ದ ದಿನಾಂಕವನ್ನೂ ಓದಿದಳು. ಗಂಗಲಕ್ಷ್ಮಿ ತಲೆ ತಗ್ಗಿಸಿ ಕೇಳಿಸಿಕೊಂಡಳು. ಅವಳ ಮೂಗಿನ ತುದಿಯಿಂದ ಒಂದು ಹನಿ ಮೇಜಿನ ಗಾಜಿನ ಮೇಲೆ ಬಿತ್ತು.

ರುದ್ರಮುನಿ ಪೆನ್ನಿನ ಮುಚ್ಚಳ ತೆಗೆದು ಕೊಟ್ಟ. ಲೋಹಿತಾ ಮೊದಲು ತನ್ನ ಸಹಿ ಹಾಕಿದಳು. ಆಮೇಲೆ ಕಾಗದವನ್ನು ಗಂಗಲಕ್ಷ್ಮಿಯ ಮುಂದಕ್ಕೆ ಸರಿಸಿ, ಪೆನ್ನನ್ನು ಅವಳ ಬೆರಳುಗಳ ನಡುವೆ ಇಟ್ಟು, ಸಾಕ್ಷಿಯ ಗೆರೆ ಶುರುವಾಗುವ ಕಡೆ ತನ್ನ ತೋರುಬೆರಳನ್ನು ಊರಿದಳು.

“ಇಲ್ಲಿ ಅಕ್ಕ” ಎಂದಳು.

ಪೆನ್ನಿನ ಮೊನೆ ಕಾಗದದ ಮೇಲೆ ತಡಕುತ್ತ ಬಂದು ಲೋಹಿತಾಳ ಉಗುರಿಗೆ ತಾಗಿತು. ಅಲ್ಲೇ ಒಂದು ಕ್ಷಣ ನಿಂತು, ಆಮೇಲೆ ನಿಧಾನವಾಗಿ ಬರೆಯತೊಡಗಿತು. ಹೆಸರು ಮುಗಿಯುವವರೆಗೂ ಲೋಹಿತಾ ಬೆರಳನ್ನು ತೆಗೆಯಲಿಲ್ಲ.